ಪರೀಕ್ಷೆಯ ಹಿಂದಿನ ದಿನಕ್ಕೆ ಕಾಯಬೇಡಿ

ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಿಗೆ ಸೇರುವ ವಿಶೇಷಚೇತನ ವಿದ್ಯಾರ್ಥಿಗಳೇ, ಅರ್ಜಿಯಲ್ಲಿ ನಿಮ್ಮ ತೊಂದರೆಯನ್ನು ಮುಚ್ಚಿಡಬೇಡಿ. ವಿಶೇಷಚೇತನರ ಹಕ್ಕುಗಳ 2016ರ ಕಾಯ್ದೆ ಗುರುತಿಸುವ ವೈಕಲ್ಯಗಳು 21. ಕಲಿಕಾ ನ್ಯೂನತೆ, ಹಿಮೋಫಿಲಿಯಾದಂತಹ ಕೆಲವು ಕಣ್ಣಿಗೆ ಕಾಣುವಂಥವೇ ಅಲ್ಲ. ಹಾಗಾಗಿ ‘ನಮ್ಮ ಕಾಲೇಜಿನಲ್ಲಿ ಅಂಥವರು ಯಾರೂ ಇಲ್ಲ’ ಎನ್ನುವ ಮಾತನ್ನು ಸುಲಭಕ್ಕೆ ನಂಬಬಾರದು. ಕೆಲವರು ಮೆಟ್ಟಿಲು ನೋಡಿಯೇ ಹಿಂದೆ ಸರಿದಿರುತ್ತಾರೆ. ಕರಾವಳಿಯ ಜುಲೈ ಮಳೆಯಲ್ಲಿ ಒಂದು ಕೈಗೆ ಊರುಗೋಲು, ಇನ್ನೊಂದಕ್ಕೆ ಕೊಡೆ. ಒದ್ದೆ ಮೆಟ್ಟಿಲಿನ ಕಂಬಿ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಲಿಫ್ಟಿಗೆ ದುಡ್ಡಿಲ್ಲ ಎನ್ನುವುದು ನಿಜವಿರಬಹುದು. ಆದರೆ ಆ ವಿದ್ಯಾರ್ಥಿಯ ತರಗತಿಯನ್ನು ನೆಲಮಹಡಿಗೆ ಇಳಿಸಲು ವೇಳಾಪಟ್ಟಿ ತಿದ್ದಿದರೆ ಸಾಕು.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪವೂ ಇದೆ. ಅರ್ಥಶಾಸ್ತ್ರದ ಪರೀಕ್ಷೆ ಅಳೆಯಬೇಕಾದದ್ದು ಅರ್ಥಶಾಸ್ತ್ರದ ತಿಳಿವಳಿಕೆಯನ್ನು, ಬೆರಳಿನ ವೇಗವನ್ನಲ್ಲ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಿ ಎಂದಿತು. ಬರೆಯುವಾಗ ಕೈ ಸೆಟೆಯುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇನ್ನೂ ಮುಂದೆ ಹೋಯಿತು: ವೈಕಲ್ಯ ಶೇ 40ರ ಮಿತಿ ಮುಟ್ಟದವರಿಗೂ ಲಿಪಿಕಾರರ ನೆರವನ್ನು ನಿರಾಕರಿಸುವಂತಿಲ್ಲ ಎಂದಿತು. ಇದು ಯಾರ ದಯೆಯೂ ಅಲ್ಲ.

ಆದರೆ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಯುಡಿಐಡಿ ಕಾರ್ಡನ್ನು (ವಿಶೇಷಚೇತನರ ವಿಶಿಷ್ಟ ಗುರುತಿನ ಚೀಟಿ) ಈಗಲೇ ಮಾಡಿಸಿ. ಸೆಮಿಸ್ಟರ್ ಶುರುವಿನಲ್ಲೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಡಿ.