ಮೊದಲು ನಿನ್ನೂರಿನ ಕಾಗದ ಓದು

ತಮ್ಮಾ, ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯದಾಗ ನೀನು ಪಿಎಚ್‌ಡಿಗೆ ಸೇರಿದಿ ಅಂತ ನಮ್ಮೂರು ಖಜೂರಿ ತುಂಬ ಖುಷಿ. ಎಲ್ಲಾರೂ ಸ್ಕಾಲರ್ ಅಂತ ಕರೀಲಿಕ್ಕ ಹತ್ಯಾರ. ಕರೀಲಿ. ಆದರ ಆ ಮಾನಕ್ಕ ತಕ್ಕ ಕೆಲಸ ಒಂದು ಊರಾಗೇ ಅದ, ಅದನ್ನ ಹೇಳ್ತೀನಿ ಕೇಳು.

1948ರ ತನಕ ನಮ್ಮ ಸೀಮಿ ನಿಜಾಮರ ಹೈದರಾಬಾದ್ ಸಂಸ್ಥಾನದಾಗಿತ್ತು. ಕಚೇರಿ, ಕೋರ್ಟು ಎಲ್ಲಾ ಉರ್ದುವಿನಾಗ. 1918ರಾಗ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠನೂ ಉರ್ದುವಿನಾಗೇ. ಮನ್ಯಾಗ ಕನ್ನಡ ಮಾತಾಡೋ ಲಿಂಗಾಯತರು, ಬ್ರಾಹ್ಮಣರು ಸೈತ ಉರ್ದು ಕಲ್ತು ವಕೀಲರಾದ್ರು, ಕಾರಕೂನರಾದ್ರು. ಹೊಲದ ಬೈನಾಮಾ, ಅಂದ್ರ ಖರೀದಿ ಪತ್ರ, ಹಿಡಕೊಂಡು ಬಂದ ರೈತಗ ಓದಿ, ಕನ್ನಡದಾಗ ಬಿಡಿಸಿ ಹೇಳ್ತಿದ್ರು. ನನ್ನ ಲೆಕ್ಕದಾಗ ಪಂಡಿತರು ಅಂದ್ರ ಅವರೇ. ಆ ತಲಿಮಾರು ಮುಗೀತಾ ಬಂತು. ಕಾಗದ ಮಾತ್ರ ಟ್ರಂಕಿನಾಗ ಉಳದಾವ; ಅಣ್ಣ-ತಮ್ಮರ ತಂಟೆ ಎದ್ದಾಗ ಹೊರಗ ಬರ್ತಾವ.

ಆ ಓದು ನೀ ಕಲಿ. ಛಾಪಾ ಉರ್ದು ಹಗುರ. ಕಷ್ಟ ಇರೋದು ಕಾರಕೂನರ ಕೈಬರಹ ಶಿಕಸ್ತಾದಾಗ. ಅವಸರಕ್ಕ ಚುಕ್ಕಿ ಬಿಟ್ಟಿರ್ತಾರ. ಚುಕ್ಕಿ ಇಲ್ಲದಿದ್ದರ ಪದದ ನಡುವಿನ ಬ, ಪ, ತ, ನ ಎಲ್ಲಾ ಒಂದೇ ಹಲ್ಲು. ಲ, ಳ ಎರಡಕ್ಕೂ ಒಂದೇ ಅಕ್ಷರ. ಊರಿನ ಮನೆತನ, ಅಡ್ಡಹೆಸರು, ಹೊಲದ ಹೆಸರು ಗೊತ್ತಿದ್ದವಗಷ್ಟೇ ಅದು ಬಿಡಿಸ್ತದ. ದೊಡ್ಡ ಪ್ರೊಫೆಸರಗೂ ಸಿಗದ ಕೀಲಿ ನಿನ್ನ ಕೈಯಾಗ ಅದ.

ತಾರೀಖು ನಿಜಾಮರ ಕಾಲದ ಫಸಲಿ ಸನ್‌ನಾಗ ಇರ್ತದ. 1340 ಫಸಲಿ ಅಂತಿದ್ದರ 590 ಕೂಡಿಸು, 1930. ಫಸಲಿ ವರ್ಷ ಅಕ್ಟೋಬರಕ್ಕ ಆಜುರ್ ತಿಂಗಳಿಂದ ಶುರು, ಅದಕ್ಕ ಜನವರಿ ಬಂದರ 591 ಕೂಡಿಸಬೇಕು. ರೂಪಾಯಿ ನಿಜಾಮರ ಹಾಲಿಯೋ ಇಂಗ್ಲಿಷರ ಕಲದಾರೋ ನೋಡು. ನೂರು ಕಲದಾರಕ್ಕ ಸುಮಾರು 116 ಹಾಲಿ. ಮೊತ್ತದ ಪಕ್ಕ ಅದರ ಅರ್ಧನೂ ಬರಿಯೋದು ಉರ್ದು ದಸ್ತಾವೇಜಿನ ರೂಢಿ: ನೂರು, ಅದರ ನಿಸ್ಫ್ ಐವತ್ತು. ಯಾರೂ ಅಂಕಿ ತಿದ್ದಬಾರದು ಅಂತ ಹಿರಿಯರು ಹಾಕಿದ ಬಂದೋಬಸ್ತ್ ಅದು. ಎರಡೂ ತಾಳೆ ನೋಡದೆ ಬಾಯಿ ಬಿಡಬ್ಯಾಡ. ಹೊಲದ ಹದ್ದು ಬರದಲ್ಲಿ ಶಿಮಾಲ್ ಅಂದ್ರ ಉತ್ತರ, ಜುನೂಬ್ ಅಂದ್ರ ದಕ್ಷಿಣ; ಇವೆರಡು ಅದಲುಬದಲಾದರ ಒಂದು ಬಾಂದಿನ ಸಲುವಾಗಿ ಎರಡು ಮನಿ ಹಾಳಾಗ್ತಾವ.

ಹೊಲಮನಿ ಪಾಲಿಗೆ ಪಾಂಡಿತ್ಯ ಬಳಸೋದು ನಮ್ಮ ಕಡೆ ಹೊಸದಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವ ಅಂತ ಹೇಳೋ ವಿಜ್ಞಾನೇಶ್ವರ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲಕ್ಕ ಕಲ್ಯಾಣದಾಗ ಕುಂತು ‘ಮಿತಾಕ್ಷರ’ ಬರದ. ಯಾರಿಗೆ ಎಷ್ಟು ಪಾಲು ಅನ್ನೋದಕ್ಕ ಇವತ್ತಿಗೂ ಕೋರ್ಟಿನಾಗ ಆ ಹೆಸರು ಕೇಳ್ತೀವಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾಗೂ ಆ ಹೆಸರು ಅದ. 2005ರ ತಿದ್ದುಪಡಿ ಆದ ಮ್ಯಾಲೆ ಹೆಣ್ಣುಮಕ್ಕಳಿಗೂ ಸಮಪಾಲು. ಅಷ್ಟು ದೊಡ್ಡ ಪಾಂಡಿತ್ಯ ದುಡದದ್ದು ಮನಿಮನಿ ಪಾಲಿನ ಸಲುವಾಗಿ, ಅದು ನನಗ ಭಾಳ ದೊಡ್ಡದು ಅನಸ್ತದ.

ಓದಿ ಹೇಳುವಾಗ ಪೂರಾ ಓದು. ಕಾಗದ ತಂದವಗ ವಿರುದ್ಧ ಇರೋ ಸಾಲೂ ಓದು. ವಿಧವಿ ಅತ್ತಿಗಿ ಹೆಸರೋ, ಕೊಟ್ಟ ಮನಿಗೆ ಹೋದ ತಂಗಿ ಹೆಸರೋ ಬಂದರ ಎಲ್ಲಾರ ಮುಂದ ಗಟ್ಟಿಯಾಗಿ ಓದು. ಅಕ್ಷರ ತಿಳೀದಿದ್ದರ ತಿಳೀಲಿಲ್ಲ ಅನ್ನು. ಅಂದಾಜಿನ ಮ್ಯಾಲೆ ಒಬ್ಬರ ಹೊಲ ಹೋಗಬಾರದು. ಬಡವರ ಹತ್ತಿರ ರೊಕ್ಕ ಇಸಗೊಬ್ಯಾಡ.

ಬ್ಯಾಸಿಗಿ ರಜಾದಾಗ ಉರ್ದು ಸಾಲಿ ಮಾಸ್ತರರ ಹತ್ತಿರ ಹೋಗಿ ಅಲೀಫ್‌ನಿಂದ ಹಿಡಿ. ಅಕ್ಷರ ಕೂಡ್ತಿದ್ದಂಗ ನಮ್ಮ ಮನಿಗೆ ಬಾ. ನಮ್ಮ ಅಜ್ಜನ ಬೈನಾಮಾ ಕೊಡ್ತೀನಿ, ಅದರ ಮ್ಯಾಲೆ ಕೈ ಪಳಗಿಸು.