ಬಾಡಿಗೆ ಮನೆ ಹುಡುಕುವ ತಂಗಿಗೆ

ತಂಗಿ,

ಉದ್ಯಮಬಾಗದ ಕಾರ್ಖಾನೆಯಲ್ಲೋ ಟಿಳಕವಾಡಿಯ ಅಂಗಡಿಯಲ್ಲೋ ಕೆಲಸ ಹಿಡಿದು, ಖಾನಾಪುರದಿಂದ ಬೆಳಗಾವಿಗೆ ಬಂದು ಮನೆ ಹುಡುಕುವ ನಿನ್ನಂಥವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು ಎಂದು. ಕೇಳಲೇಬೇಕು. ಆದರೆ ಎಷ್ಟು ದಿನ ಇರಬಹುದು, ಅದನ್ನು ಬರೆದು ಕೊಡುತ್ತೀರಾ ಎಂದು ಅದಕ್ಕೂ ಮೊದಲು ಕೇಳು. ತಿಂಗಳಿಗೆ ಐನೂರು ರೂಪಾಯಿ ಇಳಿಸಿಕೊಳ್ಳುವುದಕ್ಕಿಂತ ಎರಡು-ಮೂರು ವರ್ಷದ ನೋಂದಾಯಿತ ಕರಾರು ನಿನಗೆ ಹೆಚ್ಚು ಉಳಿಸಿಕೊಡುತ್ತದೆ. ಇದನ್ನು ಹೇಳುವುದಕ್ಕೇ ಈ ಪತ್ರ.

ಬಾಡಿಗೆದಾರರನ್ನು ಕಾನೂನು ಕಾಯುತ್ತದೆ ಎಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲಕ್ಕೆ ಅದು ಸರಿಯಿತ್ತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ, ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಯನ್ನು ದೊಡ್ಡ ನಗರಗಳಲ್ಲೂ ತನ್ನ ವ್ಯಾಪ್ತಿಗೆ ಸೇರಿಸಿಕೊಳ್ಳುವುದಿಲ್ಲ. ಉಳಿದ ಕಡೆ ಮಿತಿ 2,000. ಆ ದುಡ್ಡಿಗೆ ಇಂದು ಬೆಳಗಾವಿಯಲ್ಲಿ ಒಂದು ಸಂಸಾರಕ್ಕೆ ಸಾಲುವ ಮನೆ ಎಲ್ಲಿ ಸಿಗಬೇಕು? ಹಾಗಾಗಿ ನಿನ್ನ ಮನೆಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು ಅದು ಕೇಳುವುದು 15 ದಿನಗಳ ನೋಟಿಸು, ಅಷ್ಟೇ. ಕಾರಣ ಕೊಡಬೇಕಾಗಿಯೂ ಇಲ್ಲ. ಕರಾರಿನಲ್ಲಿ ಬೇರೆ ಮಾತು ಇರುವಂತೆ ನೋಡಿಕೊಳ್ಳುವುದೊಂದೇ ನಿನ್ನ ಕೈಯಲ್ಲಿರುವ ಬಲ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲೆಂದೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಅದರಿಂದ ಶುಲ್ಕ ಉಳಿಯುವುದೇನೋ ನಿಜ, ಆದರೆ ವರ್ಷ ತುಂಬುವ ಮೊದಲೇ ನೀನು ಮತ್ತೆ ಮಾಲೀಕರ ಮರ್ಜಿಗೆ ಬೀಳುತ್ತೀ.

ಮನೆ ಬಿಡುವುದರ ನಿಜವಾದ ಖರ್ಚು ಏನೆಂದು ವಡಗಾವಿ, ಖಾಸಬಾಗದ ನೇಕಾರರಿಗೆ ಚೆನ್ನಾಗಿ ಗೊತ್ತು. ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿಕೊಂಡವರ ಪಾಡನ್ನು ಯೋಚಿಸು. ವಿದ್ಯುತ್ ಮಗ್ಗವನ್ನು ನೆಲಕ್ಕೆ ಬೋಲ್ಟ್ ಬಿಗಿದು ಕೂರಿಸಿರುತ್ತಾರೆ. ಎಬ್ಬಿಸಬೇಕೆಂದರೆ ಹಾಸನ್ನು ನೇಯ್ದು ಮುಗಿಸಬೇಕು, ಇಲ್ಲವೇ ಕತ್ತರಿಸಬೇಕು. ಹೊಸ ಜಾಗದಲ್ಲಿ ಮಟ್ಟ ನೋಡಿ ಕೂರಿಸಿ ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಕೆಚ್ಚಬೇಕು. ಅಷ್ಟೂ ದಿನ ಕೂಲಿಯಿಲ್ಲ. ಮೀಟರಿನ ಆರ್.ಆರ್. ನಂಬರ್ ಮಾಲೀಕರ ಹೆಸರಿನಲ್ಲಿದ್ದರೆ ಅದೂ ಹಿಂದೆಯೇ ಉಳಿಯಿತು. ಮಗ್ಗ ಇಲ್ಲದಿದ್ದರೂ ನಿನ್ನ ಲೆಕ್ಕ ಇದಕ್ಕಿಂತ ಬೇರೆಯಲ್ಲ. ಹಳೆಯ ಡಿಪಾಸಿಟ್ ಕೈಸೇರುವ ಮುಂಚೆ ಹೊಸದನ್ನು ಹೊಂದಿಸಬೇಕು. ಏಜೆಂಟರ ಕಮಿಷನ್, ಟೆಂಪೊ ಬಾಡಿಗೆ, ಗ್ಯಾಸಿನ ವಿಳಾಸ, ನಡುವರ್ಷದಲ್ಲಿ ಮಕ್ಕಳ ಶಾಲೆ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಉಂಟು, ಆದರೆ ಅಲ್ಲಿ ವಾಸವಿರುವುದಕ್ಕೆ ಪುರಾವೆ ಬೇಕು. ಮೂರು ಸಂಸಾರ ಒಂದೇ ಮೀಟರಿಗೆ ಜೋತುಬಿದ್ದ ಮನೆಯಲ್ಲಿ ಆ ಯೋಜನೆಯ 200 ಯೂನಿಟ್ ಮಿತಿ ಬೇಗ ದಾಟುತ್ತದೆ. ಮನೆ ನೋಡಲು ಹೋದಾಗ ನಲ್ಲಿಯ ಜತೆ ಮೀಟರನ್ನೂ ನೋಡು.

ಇಷ್ಟು ತಾಪತ್ರಯ ಯಾಕೆ, ಖಾನಾಪುರದಲ್ಲೇ ಇದ್ದು ದಿನಾ ಓಡಾಡಿದರಾಯಿತಲ್ಲ ಎನ್ನಬಹುದು. ಇದು ತೂಕದ ಮಾತೇ. ಎರಡೂ ಊರಿನ ನಡುವೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿನಗೆ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಹಗಲು ಪಾಳಿಯ ಹೆಣ್ಣುಮಗಳಿಗೆ ಇದು ಒಳ್ಳೆಯ ದಾರಿ, ನಾನು ಬೇಡವೆನ್ನಲಾರೆ. ಆದರೆ ಅದೇ ಬಸ್ಸಿನಲ್ಲಿ ನಿನ್ನ ಅಣ್ಣ ದುಡ್ಡು ಕೊಡಬೇಕು. ರಾತ್ರಿ ಪಾಳಿ ಬಿದ್ದರೆ, ಆಷಾಢದ ಮಳೆ ಹಿಡಿದರೆ, ಆ ಉಳಿತಾಯ ಹೊತ್ತಿನ ರೂಪದಲ್ಲಿ ಸೋರಿಹೋಗುತ್ತದೆ. ಖಾನಾಪುರದಲ್ಲಿ ಬಾಡಿಗೆಗಿದ್ದರೂ ಕಾಯಿದೆ ಇದೇ, ಕಾಗದ ಅಲ್ಲಿಯೂ ಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ಕಾಗದ ಕೇಳಿದರೆ ಮನೆಯೇ ಸಿಗುವುದಿಲ್ಲ. ಮಾಲೀಕರ ಅಂಜಿಕೆಯನ್ನು ತಳ್ಳಿಹಾಕಬೇಡ. ಮೇಲ್ಮಹಡಿಯ ಬಾಡಿಗೆಯಿಂದ ಔಷಧಿಯ ಖರ್ಚು ತೂಗಿಸುವ ನಿವೃತ್ತರೂ ಮಾಲೀಕರೇ. ಹಳೆಯ ಕಾಯಿದೆಯ ಕಾಲದಲ್ಲಿ, ಒಮ್ಮೆ ಕೊಟ್ಟರೆ ಬಿಡಿಸಲಾಗದೆಂದು ಮನೆಗೆ ಬೀಗ ಹಾಕಿಟ್ಟವರಿದ್ದರು. ಅದಕ್ಕೇ ಅವರಿಗೂ ಬೇಕಾದದ್ದನ್ನು ಕರಾರಿನಲ್ಲಿ ಬರೆಸು: ವರ್ಷಕ್ಕೆ ಶೇ. 5ರಷ್ಟು ಏರಿಕೆ, ಬಿಡುವ ಅಥವಾ ಬಿಡಿಸುವ ಮೊದಲು ಮೂರು ತಿಂಗಳ ಸೂಚನೆ, ನೋಂದಣಿ ಖರ್ಚು ಸಮಪಾಲು. ಇದಕ್ಕೆ ಒಪ್ಪುವವರು ಸಿಗುತ್ತಾರೆ. ಒಪ್ಪದವರ ಮನೆಗೇ ಹೋಗಬೇಕಾಗಿ ಬಂದರೆ ಕೈಗೆ ರೊಕ್ಕ ಕೊಡಬೇಡ. ಬ್ಯಾಂಕಿನಿಂದಲೋ ಫೋನ್‌ಪೇಯಿಂದಲೋ ಪ್ರತಿ ತಿಂಗಳೂ 'ಬಾಡಿಗೆ' ಎಂದು ಬರೆದು ಕಳಿಸು.

ಲಕ್ಷಗಟ್ಟಲೆ ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ಮನೆಗೆ ಮನಸೋಲಬೇಡ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡುವ ತನಕ. ಮನೆ ಬ್ಯಾಂಕಿಗೆ ಅಡವಾಗಿದ್ದು ಸಾಲ ಕೆಟ್ಟರೆ, 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಮನೆಯನ್ನೇ ವಶಕ್ಕೆ ಪಡೆಯಬಹುದು. ನೋಂದಣಿಯಿಲ್ಲದ ಭೋಗ್ಯಪತ್ರ ಹಿಡಿದು ಅಲ್ಲಿ ವಾದಿಸುವುದು ಬಲು ಕಷ್ಟ.

ಇಷ್ಟಾಗಿಯೂ ಯಾರಾದರೂ ನಿನ್ನ ಸಾಮಾನು ಹೊರಗಿಟ್ಟು ಬೀಗ ಜಡಿದರೆ, ಅದು ಕಾನೂನಿನ ದಾರಿಯಲ್ಲ. ಹಾಗೆ ಹೊರಹಾಕಿದ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮು ಅವಕಾಶ ಕೊಡುತ್ತದೆ. ವಕೀಲರ ಫೀಜಿಗೆ ಹೆದರಿ ಸುಮ್ಮನಿರಬೇಡ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲೇ ಇದೆ. ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡು. ಹೋಗುವಾಗ ಕರಾರು, ಬ್ಯಾಂಕಿನ ಚೀಟಿ, ಕರೆಂಟ್ ಬಿಲ್ಲು ಮೂರನ್ನೂ ಜತೆಗೆ ಒಯ್ಯಿ.