ಹಳೆಯ ಕಾರಿನ ಲಾಕು ಮತ್ತು ಕಳವಿನ ಲೆಕ್ಕ

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದ ಮೇಲೆ, ಅಷ್ಟು ತೆತ್ತು ಇನ್ನೈದು ವರ್ಷ ಓಡಿಸಲು ಅನುಮತಿ ಪಡೆದ ಮಾಲೀಕರು ಬಾಗಿಲ ಲಾಕು ಬಿಗಿಯಾಗಿರುವುದನ್ನು ಮಾತ್ರ ಸಣ್ಣ ಕಿರಿಕಿರಿಯೆಂದು ಮುಂದೂಡುತ್ತಾರೆ. ಇಂಥ ಕಾರುಗಳಿಗೆ ಹೆಚ್ಚಾಗಿ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ಅಪಘಾತದಲ್ಲಿ ಇತರರಿಗಾದ ಹಾನಿಯನ್ನಷ್ಟೇ ಭರಿಸುವ ಕಡ್ಡಾಯ ವಿಮೆಯನ್ನು ಮಾಡಿಸಿರುತ್ತಾರೆ. ಕಾರು ಕಳುವಾದರೆ ಅದರಿಂದ ಒಂದು ರೂಪಾಯಿಯೂ ಬಾರದ ಕಾರಣ, ಮಾಲೀಕರ ಪಾಲಿಗೆ ಲಾಕೇ ಕಳವಿನ ವಿಮೆ.

ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಈ ದೋಷ ಬೇಗ ತಲೆದೋರುವುದಕ್ಕೆ ಅಲ್ಲಿಯ ಹವೆಯೇ ಕಾರಣ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಜಾಂಬೋಟಿಯವರೆಗೆ ಮಳೆಗಾಲವಿಡೀ ಹೊಡೆಯುವ ಮಳೆಯ ನೀರು ಗಾಜಿನ ಅಂಚಿನಿಂದ ಬಾಗಿಲೊಳಗೆ ಇಳಿದು ತಳದ ಕಿಂಡಿಗಳಿಂದ ಹರಿದುಹೋಗಬೇಕು. ಕೆಮ್ಮಣ್ಣು ಆ ಕಿಂಡಿಗಳನ್ನು ಮುಚ್ಚಿದರೆ ತೇವ ಒಳಗೇ ನಿಂತು, ಬೇಸಿಗೆಯ ಧೂಳು ಹಳೆಯ ಗ್ರೀಸಿಗೆ ಮೆತ್ತಿಕೊಂಡು, ಬಾಗಿಲನ್ನು ಹಿಡಿದಿಡುವ ಉಕ್ಕಿನ ಕೊಕ್ಕೆಯಾದ ಲ್ಯಾಚು ಸರಾಗವಾಗಿ ತಿರುಗುವುದಿಲ್ಲ.

ಹಣ ಪೋಲಾಗುವುದು ದೋಷದ ಜಾಗವನ್ನು ಗುರುತಿಸದೆ ಇಡೀ ಲಾಕ್ ಸೆಟ್ ಬದಲಿಸಿದಾಗ. ಕೀಲಿಕೈಯೇ ತಿರುಗದಿದ್ದರೆ ದೋಷ ಸಾಮಾನ್ಯವಾಗಿ ಸಿಲಿಂಡರಿನಲ್ಲಿ, ಅಂದರೆ ಕೀಲಿಕೈಯ ಹಲ್ಲಿಗೆ ತಕ್ಕಂತೆ ಸರಿಯುವ ತೆಳುಬಿಲ್ಲೆಗಳಿರುವ ಕೊಳವೆಯಲ್ಲಿ, ಇರುತ್ತದೆ. ಕೀಲಿಕೈ ಸಲೀಸಾಗಿ ತಿರುಗಿಯೂ ಲಾಕು ಬೀಳದಿದ್ದರೆ ಸಿಲಿಂಡರಿನಿಂದ ಲ್ಯಾಚಿಗೆ ಹೋಗುವ ಕಡ್ಡಿ ಕಳಚಿರುವ ಸಂಭವವೇ ಹೆಚ್ಚು. ಹಿಂಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಮಕ್ಕಳ ಲಾಕು ಬಿದ್ದಿದೆಯೇ ಎಂದು ಮೊದಲು ನೋಡಬೇಕು, ಅದಕ್ಕೆ ಖರ್ಚೇ ಇಲ್ಲ.

ಖಾನಾಪುರದಲ್ಲಿ ಬಯಲಿಗೇ ನಿಲ್ಲುವ, ಈ ಅಂಕಣಕಾರರ ಮನೆಯ ಹಳೆಯ ಕಾರಿನಲ್ಲಿ ಆದದ್ದು ಎರಡನೆಯದು. ಬೆಳಗಾವಿಯ ಉದ್ಯಮಬಾಗದ ಗ್ಯಾರೇಜೊಂದರಲ್ಲಿ ಬಾಗಿಲ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿದಾಗ ಕಡ್ಡಿಯ ತುದಿ ಜೋತಾಡುತ್ತಿತ್ತು, ಅದನ್ನು ಹಿಡಿದಿಡಬೇಕಾದ ಉಗುರಿನಷ್ಟು ಕ್ಲಿಪ್ಪು ಹಳದಿಗಟ್ಟಿ ಹೋಳಾಗಿ ಬಾಗಿಲ ತಳದ ಕೆಂಪು ರಾಡಿಯಲ್ಲಿ ಬಿದ್ದಿತ್ತು. ಕ್ಲಿಪ್ಪಿನ ಬೆಲೆ ಕೂಲಿಯ ಮುಂದೆ ಏನೂ ಅಲ್ಲ. ಆದ್ದರಿಂದ ಪ್ಯಾಡ್ ಬಿಚ್ಚಿದಾಗಲೇ ಲ್ಯಾಚು ತೊಳೆಸಿ ಹೊಸ ಗ್ರೀಸ್ ಹಚ್ಚಿಸುವುದು, ಕಿಂಡಿ ಬಿಡಿಸುವುದು ಜಾಣತನ. ಆ ಹಾಳೆಯನ್ನು ಮರಳಿ ಅಂಟಿಸದೆ ಬಿಟ್ಟರೆ ನೀರು ಕಾರಿನೊಳಕ್ಕೆ ಬಂದು ನೆಲದ ತಗಡು ತುಕ್ಕು ಹಿಡಿಯುತ್ತದೆ, ಆ ರಿಪೇರಿಯ ಬಿಲ್ಲು ಲಾಕಿನದಕ್ಕಿಂತ ಎಷ್ಟೋ ದೊಡ್ಡದು.

ಕೀಲಿಕೈ ತೂತಿಗೆ ಕೊಬ್ಬರಿ ಎಣ್ಣೆಯನ್ನೋ ಎಂಜಿನ್ ಆಯಿಲ್ಲನ್ನೋ ಬಿಡುವ ರೂಢಿ ತಪ್ಪು, ಏಕೆಂದರೆ ಅವು ಧೂಳನ್ನು ಹಿಡಿದು ಬಿಲ್ಲೆಗಳನ್ನು ಅಂಟಿಸುತ್ತವೆ. 1953ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಬ್ಲ್ಯೂಡಿ-40 ಮೂಲತಃ ನೀರನ್ನು ಹೊರದೂಡುವ ದ್ರವವಾದ್ದರಿಂದ ತೊಳೆಯಲು ಸಾಕು; ಬಾಳಿಕೆಗೆ, ಒಳಭಾಗ ಒಣಗಿದ ಮೇಲೆ, ಎಣ್ಣೆಯ ಅಂಶವಿಲ್ಲದ ಗ್ರಾಫೈಟ್ ಪುಡಿ ಮೇಲು.

ಸಿಲಿಂಡರನ್ನೇ ಬದಲಿಸಬೇಕಾಗಿ ಬಂದರೆ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಎಂದು ಕೀಲಿಕೈ ಎರಡಾಗಬಹುದು. ಕಳವಿನ ಪರಿಹಾರವೂ ಸೇರಿದ ಸಮಗ್ರ ವಿಮೆ ಇರುವವರು, ಕಾರು ಕಳುವಾದಾಗ ಕಂಪನಿಗಳು ಮೂಲ ಕೀಲಿಕೈಗಳನ್ನು ಕೇಳುವುದರಿಂದ, ಸಿಲಿಂಡರ್ ಬದಲಿಸಿದ ದಿನದ ಬಿಲ್ಲನ್ನೂ ಹಳೆಯ ಕೀಲಿಕೈಯನ್ನೂ ಪಾಲಿಸಿಯ ಕಾಗದದೊಡನೆ ಇಟ್ಟಿರಬೇಕು.